ಬಟ್ಟೆಯ ಹಂಗಿಲ್ಲದ ನಾಲ್ಕು ದಿನ: ಉಡುಪಿ ಕರಾವಳಿಯಲ್ಲಿ ಖಾಸಗಿ ರಜೆ ಮಾಡುವ ಬಗೆ

ಉಳ್ಳಾಲದಿಂದ ಬೈಂದೂರಿನವರೆಗೆ ಬಟ್ಟೆ ತೆಗೆದು ಕೂರಬಹುದಾದ ಸಾರ್ವಜನಿಕ ಕಡಲತೀರ ಒಂದೂ ಇಲ್ಲ. ಸಾರ್ವಜನಿಕ ಸ್ಥಳದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವಂಥ ಅಶ್ಲೀಲ ವರ್ತನೆಗೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಲ್ಲಿ 3 ತಿಂಗಳವರೆಗೆ ಸೆರೆ, 1000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಕಾನೂನು ಒಂದು ಕಡೆಗಿರಲಿ. ನಿಮಗೆ ನಿರ್ಜನ ಎಂದು ಕಾಣುವ ತೀರ ಮೀನುಗಾರರಿಗೆ ಕೆಲಸದ ಜಾಗ. ಬೆಳಗಿನ ಜಾವಕ್ಕೇ ದೋಣಿ ಎಳೆಯಲು ಜನ ಬರುತ್ತಾರೆ, ದಡದಿಂದಲೇ ಜನ ಸೇರಿ ಕೈರಂಪಣಿ ಬಲೆ ಎಳೆಯುವ ದಿನ ಊರೇ ಅಲ್ಲಿರುತ್ತದೆ. ಅವರ ಅಂಗಳದಲ್ಲಿ ಅವರಿಗೆ ಮುಜುಗರ ಮಾಡುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಈ ರಜೆ ಎಲ್ಲಿ ಸಾಧ್ಯ? ಎತ್ತರದ ಪಾಗಾರದ (ಕಾಂಪೌಂಡು ಗೋಡೆಯ) ಒಳಗೆ, ಯಾರೂ ಇಣುಕದ ತೋಟದ ಮನೆಯಲ್ಲಿ. ಕಡಲಿಗೆ ಹೋಗುವಾಗ ಬಟ್ಟೆ, ಮನೆಯಂಗಳದಲ್ಲಿ ನಿಮ್ಮಿಷ್ಟ. ಇಲ್ಲಿ ಬರೆದಿರುವುದು ದೊಡ್ಡವರಿಗೆ ಮಾತ್ರ: ದಂಪತಿಗೆ, ಅಥವಾ ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲ ಕೆಲವೇ ಸ್ನೇಹಿತರಿಗೆ.

ನಮ್ಮ ಕರಾವಳಿಯಲ್ಲಿ ಗಂಡಸಿಗೆ ಬರಿಮೈ ಹೊಸತಲ್ಲ. ತೋಟದಲ್ಲಿ, ಗದ್ದೆಯಲ್ಲಿ, ಕೃಷ್ಣಮಠದ ದರ್ಶನದ ಸಾಲಿನಲ್ಲಿ ಅಂಗಿ ಕಳಚಿ ನಿಲ್ಲುವುದು ಅವನಿಗೆ ರೂಢಿ. ಏಪ್ರಿಲ್ ತಿಂಗಳ ಬೆವರಿನಲ್ಲೂ ಹೆಂಗಸರಿಗೆ ಆ ಗಾಳಿ ಸಿಗುವುದಿಲ್ಲ. ಆದ್ದರಿಂದ ಮನೆ ಆರಿಸುವಾಗ, ದಿನ ಗೊತ್ತು ಮಾಡುವಾಗ, ಯಾರು ಜೊತೆಗಿರಬೇಕು ಎಂದು ತೀರ್ಮಾನಿಸುವಾಗ ಹೆಂಗಸಿನ ಮಾತೇ ಕೊನೆಯ ಮಾತಾಗಿರಲಿ. ಅವಳಿಗೆ ಧೈರ್ಯ ಬಾರದ ಮನೆಯಲ್ಲಿ ಈ ರಜೆಗೆ ಅರ್ಥವಿಲ್ಲ.

ಯಾವ ತಿಂಗಳು

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಆಗ ಗಾಳಿಯಲ್ಲಿ ತೇವ ಕಡಿಮೆ, ರಾತ್ರಿ ಹಿತವಾದ ತಂಪು, ಬಾವಿಯಲ್ಲಿ ಸಿಹಿನೀರು. ಮಾರ್ಚಿನಿಂದ ಸೆಕೆ ಏರುತ್ತದೆ, ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಕಡಲ ಹತ್ತಿರದ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಉಪ್ಪುನೀರಿನಲ್ಲಿ ಮಿಂದರೆ ಮೈಯ ಅಂಟು ಹೋಗುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಅಂಗಳದ ಸುಖ ಇಲ್ಲ, ಕಡಲಿಗಿಳಿಯುವಂತೆಯೂ ಇಲ್ಲ.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬೇಡ. ಆಗ ಪಕ್ಕದ ಮನೆಗಳಲ್ಲೂ ನೆಂಟರು, ತಾರಸಿಯ ಮೇಲೆಲ್ಲ ಜನ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಸುಮಾರಿಗೆ, ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯ ಉತ್ಸವ ಬರುತ್ತದೆ, ಆ ವಾರ ಉಡುಪಿಯ ಸುತ್ತ ಕೋಣೆ ಸಿಗುವುದೇ ಕಷ್ಟ. ಸೋಮವಾರ ಬಂದು ಶುಕ್ರವಾರ ಬೆಳಿಗ್ಗೆ ಹೊರಡುವ ಹಾಗೆ ಇಟ್ಟುಕೊಂಡರೆ ಜನಸಂದಣಿಯೂ ಕಡಿಮೆ, ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ಎರಡು ದಿನದ ರಜೆ ಸಾಲದು. ಮೊದಲ ದಿನ ಸಂಕೋಚ ಕಳೆಯುವುದಕ್ಕೇ ಹೋಗುತ್ತದೆ.

ಮನೆ ಆರಿಸುವುದು

ಸಮಯವನ್ನೆಲ್ಲ ಇಲ್ಲಿಗೇ ಸುರಿಯಿರಿ. ಮನೆ ಸರಿಯಿದ್ದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಹೆಚ್ಚಿನವರು ಕಡಲಿಗೆ ತಾಗಿಕೊಂಡ ಮನೆಯನ್ನೇ ಹುಡುಕುತ್ತಾರೆ. ಈ ಉದ್ದೇಶಕ್ಕೆ ಅದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಪಡುಕೆರೆ, ಕೋಡಿ ಬೆಂಗ್ರೆ, ಸಸಿಹಿತ್ಲುವಿನಂಥ ಕಡೆ ಒಂದು ಬದಿ ನದಿ, ಇನ್ನೊಂದು ಬದಿ ಕಡಲು, ನಡುವೆ ಕಿರಿದಾದ ನೆಲ. ಮನೆಗಳು ಒತ್ತೊತ್ತಾಗಿವೆ, ರಸ್ತೆ ಅಂಗಳದ ಪಕ್ಕದಲ್ಲೇ ಹೋಗುತ್ತದೆ. ಕಡಲ ನೋಟಕ್ಕಾಗಿ ಅಲ್ಲಿ ಎದುರು ಬದಿಗೆ ಪಾಗಾರ ಕಟ್ಟುವುದಿಲ್ಲ, ಕಟ್ಟಿದರೂ ಸೊಂಟದೆತ್ತರ. ಅದಕ್ಕಿಂತ ಕಡಲಿನಿಂದ ಒಂದು ಒಂದೂವರೆ ಕಿಲೋಮೀಟರು ಒಳಗಿನ ತೆಂಗಿನ ತೋಟದ ಮನೆ ಒಳ್ಳೆಯದು. ಕಟಪಾಡಿ, ಮಟ್ಟು, ಹೂಡೆ, ಮೂಲ್ಕಿ ಸುತ್ತಮುತ್ತ ಹುಡುಕಿ. ಕಡಲಿಗೆ ಸ್ಕೂಟರಿನಲ್ಲಿ ಸ್ವಲ್ಪ ಹೊತ್ತು, ಆದರೆ ಮನೆಯಲ್ಲಿ ಇಡೀ ದಿನ ನೆಮ್ಮದಿ. ರೈಲಿನಲ್ಲಿ ಬರುವವರಿಗೆ ಮೂಲ್ಕಿ, ಪಡುಬಿದ್ರಿ, ಉಡುಪಿ ನಿಲ್ದಾಣಗಳು ಹತ್ತಿರ.

ಪಾಗಾರ ಕನಿಷ್ಠ 7 ಅಡಿ ಇರಬೇಕು. ಎತ್ತರದ ಆಳು ನಿಂತರೆ ಕಣ್ಣು ಸುಮಾರು ಐದೂವರೆ ಅಡಿ ಎತ್ತರದಲ್ಲಿರುತ್ತದೆ. ಹೊರಗಿನ ರಸ್ತೆ ಅಂಗಳಕ್ಕಿಂತ ಒಂದು ಅಡಿ ಎತ್ತರವಿದ್ದರೆ 6 ಅಡಿಯ ಗೋಡೆ ಸಾಲದು. ಗೇಟು ಸರಳಿನದ್ದಾಗಿದ್ದರೆ ಒಳಗೆ ತಗಡು ಅಥವಾ ಬಟ್ಟೆ ಕಟ್ಟಿಸಬೇಕು. ಗೋಡೆ ನೋಡಿ ಆದ ಮೇಲೆ ತಲೆ ಎತ್ತಿ ನೋಡಿ. ಪಕ್ಕದ ಮನೆಗೆ ತಾರಸಿ ಇದೆಯೇ, ಮಹಡಿಯ ಕಿಟಕಿ ಇತ್ತ ಮುಖ ಮಾಡಿದೆಯೇ? ತೆಂಗಿನಕಾಯಿ ತೆಗೆಯುವವರು ಮರದ ತುದಿಯಲ್ಲಿ ಕೂತರೆ ಆಚೀಚೆಯ ನಾಲ್ಕು ಅಂಗಳ ಕಾಣುತ್ತವೆ. ನೀವಿರುವ ದಿನಗಳಲ್ಲಿ ಕಾಯಿ ತೆಗೆಸುವುದಿದೆಯೇ ಎಂದು ಮೊದಲೇ ಕೇಳಿ.

ಹಸಿರು ಶೇಡ್ ನೆಟ್ ಕಟ್ಟಿದ್ದಾರೆಂದು ಮೋಸ ಹೋಗಬೇಡಿ. ಹಗಲು ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಹಾಗಾಗಿ ಹೊರಗಿನವರಿಗೆ ಒಳಗಿನದು ಕಾಣದು. ರಾತ್ರಿ ಜಗಲಿಯ ದೀಪ ಹಾಕಿದ ಕೂಡಲೇ ಇದು ತಿರುಗುಮುರುಗಾಗಿ, ನೆಟ್ ಇದ್ದೂ ಇಲ್ಲದಂತೆ. ತೆಳು ಕಿಟಕಿ ಪರದೆಗೂ ಇದೇ ಮಾತು. ಸಂಜೆ ಆರರ ನಂತರ ಒಂದೋ ದೀಪ ಆರಿಸಿ, ಇಲ್ಲವೋ ಮೈಮೇಲೆ ಏನಾದರೂ ಹೊದೆಯಿರಿ.

ಇನ್ನೊಂದು ವಿಷಯವನ್ನು ಹೊರಗಿನಿಂದ ಬಂದವರು ಗಮನಿಸುವುದಿಲ್ಲ. ಇಲ್ಲಿನ ಹಳೆ ಮನೆಗಳ ಹಿತ್ತಿಲಲ್ಲಿ ನಾಗಬನವೋ ದೈವದ ಗುಡಿಯೋ ಇರುತ್ತದೆ. ಅಂಥ ಮನೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಅಲ್ಲಿ ಶುದ್ಧದ ಕಟ್ಟುಪಾಡು ಮನೆಯವರಿಗೂ ಇದೆ. ಬಾಡಿಗೆಗೆ ಬಂದವರು ಅದನ್ನು ಮೀರಿದರೆ ಆಗುವ ನೋವು ದುಡ್ಡು ಕೊಟ್ಟು ತೀರುವಂಥದ್ದಲ್ಲ.

ಫೋನಿನಲ್ಲಿ ಮನೆಯವರಿಗೆ ಏನು ಹೇಳಬೇಕು ಎಂದು ಹಲವರು ತಡವರಿಸುತ್ತಾರೆ. ನೇರವಾಗಿ ಹೀಗೆ ಹೇಳಬಹುದು: "ನಾವು ಬರುವುದು ವಿಶ್ರಾಂತಿಗೆ. ಮೈಗೆ ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಕೂರುವವರು, ಮೈಮೇಲೆ ಬಟ್ಟೆ ಇರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಫೋನ್ ಮಾಡದೆ ಯಾರೂ ಒಳಗೆ ಬರಬಾರದು, ಆಗಬಹುದಾ?" ಎಣ್ಣೆಸ್ನಾನದ ಊರಿನವರಿಗೆ ಇದು ಅರ್ಥವಾಗುತ್ತದೆ. ಮನೆಯವರು ಅದೇ ಹಿತ್ತಿಲಲ್ಲಿ ವಾಸವಿದ್ದರೆ, ಅಥವಾ ಉತ್ತರ ಕೊಡಲು ಅನುಮಾನಿಸಿದರೆ ಒತ್ತಾಯ ಬೇಡ, ಬೇರೆ ಮನೆ ನೋಡಿ. ಕೆಲಸದವರು ಬರುವ ಹೊತ್ತು, ಪಂಪು ಹಾಕಲು ಬರುವವರು, ಹಾಲು ತರುವವರು, ಮೀಟರ್ ನೋಡುವವರು, ಬೆಳಿಗ್ಗೆ ಹಾರ್ನ್ ಹೊಡೆಯುತ್ತಾ ಬರುವ ಮೀನಿನವರು, ಇವರೆಲ್ಲ ಗೇಟಿನ ಹೊರಗೇ ನಿಲ್ಲುವ ಹಾಗೆ ಮಾತಾಡಿಕೊಳ್ಳಿ. ಗೇಟಿಗೆ ಒಳಗಿನಿಂದ ಚಿಲಕ, ಹೊರಗೆ ಒಂದು ಗಂಟೆ ಇದ್ದರೆ ಸಾಕು.

ಸಿಸಿಟಿವಿ ಎಲ್ಲೆಲ್ಲಿದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಂಗಳದತ್ತ ತಿರುಗಿದ ಕ್ಯಾಮೆರಾ ಇದ್ದರೆ ನೀವಿರುವಷ್ಟು ದಿನ ತೆಗೆಸಿ, ಅಥವಾ ಆ ಮನೆ ಬೇಡ. ಹೋದ ಕೂಡಲೇ ಮಲಗುವ ಕೋಣೆ, ಬಚ್ಚಲುಗಳನ್ನು ನೀವೇ ನೋಡಿ: ಹಾಸಿಗೆಯತ್ತ ಮುಖ ಮಾಡಿದ ಗಡಿಯಾರ, ಹೊಗೆ ಪತ್ತೆಯ ಡಬ್ಬಿ, ಸುಮ್ಮನೆ ಚುಚ್ಚಿಟ್ಟ ಚಾರ್ಜರ್. ದೀಪ ಆರಿಸಿ ಟಾರ್ಚ್ ಬಿಟ್ಟರೆ ಲೆನ್ಸು ಮಿಣುಕುತ್ತದೆ. ಒಪ್ಪಿಗೆಯಿಲ್ಲದೆ ಗುಪ್ತಾಂಗದ ಚಿತ್ರ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ 3 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇರುವ ಅಪರಾಧ. ಹೆಂಗಸಿನ ಖಾಸಗಿ ಗಳಿಗೆಯನ್ನು ಇಣುಕಿ ನೋಡುವುದು, ಚಿತ್ರ ತೆಗೆಯುವುದು ನ್ಯಾಯ ಸಂಹಿತೆಯ 77ನೇ ಕಲಮಿಗೆ ಬರುತ್ತದೆ. ಏನಾದರೂ ಸಿಕ್ಕರೆ ಅದನ್ನು ಮುಟ್ಟದೆ, ಇದ್ದ ಹಾಗೇ ಫೋಟೋ ತೆಗೆದು, 112ಕ್ಕೆ ಕರೆ ಮಾಡಿ.

ಕಟ್ಟಿಕೊಂಡು ಹೋಗಬೇಕಾದದ್ದು

ಬೈರಾಸು, ಅಂದರೆ ತೆಳು ಹತ್ತಿಯ ಟವೆಲ್, ಒಬ್ಬರಿಗೆ ನಾಲ್ಕು. ದಪ್ಪ ಟರ್ಕಿ ಟವೆಲ್ ಈ ಹವೆಯಲ್ಲಿ ಬೇಗ ಒಣಗುವುದಿಲ್ಲ, ಎರಡನೇ ದಿನಕ್ಕೆ ಮುಗ್ಗುಲು ವಾಸನೆ. ಕೂರುವ ಮೊದಲು ಕುರ್ಚಿಯ ಮೇಲೆ ಬೈರಾಸು ಹಾಸಲೇಬೇಕು. ಲೋಕದಲ್ಲಿ ಇಂಥ ರಜೆ ಎಲ್ಲೇ ನಡೆಯಲಿ, ಬಟ್ಟೆ ಹಾಸದೆ ಕೂರಬಾರದೆಂಬುದು ಮೊದಲ ನಿಯಮ. ಬೆವರು, ಎಣ್ಣೆ ಆಸನಕ್ಕೆ ತಾಗಬಾರದು, ಒಬ್ಬರ ಚರ್ಮದ ಸೋಂಕು ಇನ್ನೊಬ್ಬರಿಗೆ ಹೋಗಬಾರದು. ಬೆತ್ತದ ಕುರ್ಚಿ ಬರಿಮೈಯನ್ನು ಚಿವುಟುತ್ತದೆ, ಪ್ಲಾಸ್ಟಿಕ್ ಕುರ್ಚಿ ಬೆವರಿಗೆ ಅಂಟುತ್ತದೆ. ಎರಡಕ್ಕೂ ಬೈರಾಸೇ ಪರಿಹಾರ.

ಒಬ್ಬರಿಗೆ ಎರಡು ಹತ್ತಿಯ ಲುಂಗಿ, ಹೆಂಗಸರಿಗೆ ಮುಂದೆ ಗುಂಡಿಯಿರುವ ಸಡಿಲ ನೈಟಿ. ಗೇಟಿನ ಗಂಟೆ ಬಾರಿಸಿದರೆ ಹತ್ತು ಸೆಕೆಂಡಿನಲ್ಲಿ ತೊಡುವಂತಿರಬೇಕು. ಅದನ್ನು ಜಗಲಿಯ ಒಂದೇ ಗೂಟದಲ್ಲಿ ಯಾವಾಗಲೂ ನೇತುಹಾಕಿಡಿ. ಕಡಲಿಗೆ ಮೊಣಕಾಲವರೆಗಿನ ಈಜುಡುಗೆ, ತುಂಬುತೋಳಿನ ಲೈಕ್ರಾ ಅಂಗಿ. ಹತ್ತಿಯ ಚೂಡಿದಾರ, ಸೀರೆ ನೀರಿನಲ್ಲಿ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ, ಅದರಲ್ಲಿ ಅಲೆಗಿಳಿಯಬೇಡಿ. ಸೊಳ್ಳೆಪರದೆ, ಸೊಳ್ಳೆಯ ಮುಲಾಮು, ಒಆರ್‌ಎಸ್ ಪೊಟ್ಟಣ ಆರು, ಅಗಲ ಅಂಚಿನ ಟೋಪಿ, ಹವಾಯಿ ಚಪ್ಪಲಿ. ಇಬ್ಬರ ಗುರುತಿನ ಚೀಟಿ ಮರೆಯಬೇಡಿ.

ಬಿಸಿಲು: ಹೆಚ್ಚಿನವರು ಎಡವುವುದು ಇಲ್ಲೇ

ವರ್ಷಗಟ್ಟಲೆ ಬಟ್ಟೆಯಡಿ ಇದ್ದ ಚರ್ಮಕ್ಕೆ ಬಿಸಿಲಿನ ಅಭ್ಯಾಸವಿಲ್ಲ. ಮುಖ, ಕೈ ಕಪ್ಪಾಗಿದ್ದರೂ ಎದೆ, ಪೃಷ್ಠ, ಒಳತೊಡೆ, ಸೊಂಟದ ಸುತ್ತು ಮೊದಲು ಸುಡುತ್ತವೆ. ಅಲ್ಲಿ ಸುಟ್ಟರೆ ಮೂರು ದಿನ ಕೂರಲೂ ಆಗದು, ಮಲಗಲೂ ಆಗದು. ಕಪ್ಪು ಮೈಗೆ ಬಿಸಿಲು ತಾಗುವುದಿಲ್ಲ ಎಂಬುದು ಸುಳ್ಳು, ಸ್ವಲ್ಪ ತಡವಾಗಿ ತಾಗುತ್ತದೆ ಅಷ್ಟೆ.

ನಮ್ಮಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ. ದೇಶದ ಸಮಯ ನಮಗಿಂತ ಪೂರ್ವದ ರೇಖೆಗೆ ಹೊಂದಿಸಿದ್ದು, ಉಡುಪಿ ಅದಕ್ಕೆ ಪಶ್ಚಿಮದಲ್ಲಿದೆ. ಆದ್ದರಿಂದ ನಡುಹಗಲು ನವೆಂಬರಿನಲ್ಲಿ ಸುಮಾರು 12.15ಕ್ಕೆ, ಫೆಬ್ರವರಿಯಲ್ಲಿ 12.45ರ ಹತ್ತಿರ. ಅದರಂತೆ 10ರಿಂದ ಮೂರೂವರೆವರೆಗೆ ನೆರಳಿನಲ್ಲೇ ಇರಿ. ಗಡಿಯಾರ ಇಲ್ಲದಿದ್ದರೆ ನಿಮ್ಮ ನೆರಳು ನೋಡಿ. ಅದು ನಿಮ್ಮೆತ್ತರಕ್ಕಿಂತ ಗಿಡ್ಡವಾದರೆ ಬಿಸಿಲು ಸುಡುವ ಬಿಸಿಲೇ. ಹೊತ್ತೇರುತ್ತಿದ್ದಂತೆ ಕಡಲಗಾಳಿ ಶುರುವಾಗಿ ಮೈ ತಂಪಾಗುತ್ತದೆ, ಆದರೆ ಸುಡುವ ಕಿರಣ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ತಂಪೆನಿಸಿತೆಂದು ಕೂತವರೇ ಸುಟ್ಟುಕೊಳ್ಳುವುದು.

ಮೊದಲ ದಿನ ಬೆಳಿಗ್ಗೆ 9ರೊಳಗೆ ಎದುರಿಗೆ 10 ನಿಮಿಷ, ಬೆನ್ನಿಗೆ 10 ನಿಮಿಷ. ದಿನಕ್ಕೆ ಐದೈದು ನಿಮಿಷ ಹೆಚ್ಚಿಸಿ. ಎಸ್‌ಪಿಎಫ್ 30 ಅಥವಾ 50ರ ಸನ್‌ಸ್ಕ್ರೀನನ್ನು ಹೊರಗೆ ಹೋಗುವ 20 ನಿಮಿಷ ಮೊದಲು ಹಚ್ಚಬೇಕು. ಇಡೀ ಮೈಗೆ ಒಂದು ಸಲಕ್ಕೆ 30ರಿಂದ 35 ಮಿಲಿ ಬೇಕು. ಅಂದರೆ ಅಂಗಡಿಯ 50 ಮಿಲಿ ಟ್ಯೂಬು ಒಬ್ಬರಿಗೆ ಒಂದೂವರೆ ಸಲಕ್ಕೆ ಮುಗಿಯಿತು. ಇಬ್ಬರು, ನಾಲ್ಕು ದಿನ, ದಿನಕ್ಕೊಂದೇ ಸಲ ಎಂದರೂ ಆರು ಟ್ಯೂಬು. ಇದು ದುಬಾರಿ ಎನಿಸಿದರೆ ನೆರಳನ್ನೇ ನಂಬಿ, ಅದಕ್ಕೆ ಖರ್ಚಿಲ್ಲ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೊಮ್ಮೆ ಮತ್ತೆ ಹಚ್ಚಿ. ಪಾದದ ಮೇಲ್ಭಾಗ, ಕಿವಿಯ ಹಿಂಭಾಗ, ಬೈತಲೆ ಮರೆತುಹೋಗುವ ಜಾಗಗಳು. ಸೊಳ್ಳೆ ಮುಲಾಮು ಹಚ್ಚುವುದಿದ್ದರೆ ಸನ್‌ಸ್ಕ್ರೀನ್ ಆರಿದ ನಂತರ, ಅದರ ಮೇಲೆ.

ತೆಂಗಿನೆಣ್ಣೆ ಬಿಸಿಲಿಗೆ ರಕ್ಷಣೆಯಲ್ಲ. ಎಣ್ಣೆಮೈಯಲ್ಲಿ ಬಿಸಿಲಿಗೆ ಕೂರಬಾರದು, ಎಣ್ಣೆಯ ಮೇಲೆ ಸನ್‌ಸ್ಕ್ರೀನ್ ನಿಲ್ಲುವುದೂ ಇಲ್ಲ. ಮೈ ಸುಟ್ಟರೆ ತಣ್ಣೀರಿನ ಬಟ್ಟೆ ಹತ್ತು ಹದಿನೈದು ನಿಮಿಷ ಹಾಕಿ, ನೀರು ಹೆಚ್ಚು ಕುಡಿಯಿರಿ. ಬಿಸಿ ಇರುವಾಗ ಎಣ್ಣೆ ಸವರಬೇಡಿ, ಎದ್ದ ಗುಳ್ಳೆ ಒಡೆಯಬೇಡಿ. ಇನ್ನೊಂದು ಎಚ್ಚರಿಕೆ ನಿಂಬೆಯದ್ದು. ಬಿಸಿಲಿನಲ್ಲಿ ಕೂತು ನಿಂಬೆಹಣ್ಣು ಹಿಂಡಿದರೆ ರಸ ಸಿಡಿದ ಚರ್ಮ ಒಂದೆರಡು ದಿನದಲ್ಲಿ ಕೆಂಪಾಗಿ, ಗುಳ್ಳೆಯೆದ್ದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಶರಬತ್ತನ್ನು ಒಳಗೆ ಮಾಡಿ, ಕೈತೊಳೆದು ಹೊರಗೆ ತನ್ನಿ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಬಿಸಿಲು ಬೇಗ ಸುಡುತ್ತದೆ, ಅವರು ನೆರಳು ಬಿಡಬಾರದು.

ನೆರಳು ಎಂದರೆ ತೆಂಗಿನಮರದ ಬುಡವಲ್ಲ. ಕಾಯಿ ಯಾವಾಗ ಬೀಳುತ್ತದೆಂದು ಹೇಳಲಾಗದು, ಒಣಗಿದ ಮಡಲು ಬಿದ್ದರೂ ತಲೆ ಒಡೆಯುತ್ತದೆ. ಮಾವಿನಮರ, ಗೇರುಮರದಡಿ ಕೂರುವುದಾದರೆ ಮೇಲೆ ಎಲೆ ಹೆಣೆದ ಕೆಂಪಿರುವೆಯ ಗೂಡಿದೆಯೇ ನೋಡಿ. ಬರಿಮೈಗೆ ಒಂದು ಗೂಡು ಬಿದ್ದರೆ ಆ ದಿನದ ಕಥೆ ಮುಗಿಯಿತು. ಜಗಲಿಯೇ ಲೇಸು.

ಎಣ್ಣೆಸ್ನಾನ

ರಜೆಯ ಎರಡನೇ ದಿನ ಬೆಳಿಗ್ಗೆ ಇದಕ್ಕೆ ಹೇಳಿ ಮಾಡಿಸಿದ್ದು. ಮೊದಲ ದಿನದ ಪ್ರಯಾಣದ ದಣಿವು, ಸಂಕೋಚ ಎರಡೂ ಇದರಲ್ಲಿ ಕಳೆಯುತ್ತವೆ.

ಒಬ್ಬರಿಗೆ 70ರಿಂದ 80 ಮಿಲಿ ತೆಂಗಿನೆಣ್ಣೆ. ಡಿಸೆಂಬರಿನ ತಂಪು ಬೆಳಗಿನಲ್ಲಿ ಎಣ್ಣೆ ಗಟ್ಟಿಯಾಗಿರಬಹುದು. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಡಿ, ನೇರ ಒಲೆಯ ಮೇಲೆ ಬೇಡ. ಒಳಮಣಿಕಟ್ಟಿಗೆ ಒಂದು ಹನಿ ಹಾಕಿ ನೋಡಿ, ಹಿತವಾದ ಬೆಚ್ಚಗಿದ್ದರೆ ಸರಿ. ಮೊದಲು ನೆತ್ತಿ, ಕಿವಿಯ ಹಿಂದೆ, ಕುತ್ತಿಗೆ, ಆಮೇಲೆ ಕೈಕಾಲಿಗೆ ಉದ್ದುದ್ದ, ಗಂಟುಗಳಿಗೆ ಸುತ್ತುಸುತ್ತ, ಹೊಟ್ಟೆಗೆ ಹಗುರವಾಗಿ, ಕೊನೆಗೆ ಅಂಗಾಲು. ಬೆನ್ನನ್ನು ಒಬ್ಬರಿಗೊಬ್ಬರು ಹಚ್ಚಿ. ಎಣ್ಣೆ 30ರಿಂದ 40 ನಿಮಿಷ ಮೈಯಲ್ಲಿರಲಿ, ಮಣೆಯ ಮೇಲೆ ಬೈರಾಸು ಹಾಸಿ ಸುಮ್ಮನೆ ಕೂರಿ. ಜ್ವರ, ಗಾಯ, ಸುಟ್ಟ ಚರ್ಮ ಇದ್ದವರಿಗೆ ಬೇಡ. ಹೊಟ್ಟೆ ತುಂಬಿದಾಗಲೂ ಬೇಡ.

ಹಂಡೆಯ ನೀರು ಬಲು ಬೇಗ ಕುದಿಯುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು, ಕೈಯಾಡಿಸಿ ನೋಡಿದ ನಂತರವೇ ಮೈಗೆ. ಎಣ್ಣೆ ತೆಗೆಯಲು ಒಬ್ಬರಿಗೆ ನಾಲ್ಕೈದು ಚಮಚ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ತಲೆಗೆ ಸೀಗೆಪುಡಿ. ಅಪಾಯ ಇರುವುದು ನೆಲದಲ್ಲಿ. ಹಳೆ ಮನೆಯ ನಯವಾದ ಸಿಮೆಂಟು ನೆಲಕ್ಕೆ ಎಣ್ಣೆ, ಸೀಗೆ ಬಿದ್ದರೆ ಕಾಲು ನಿಲ್ಲುವುದಿಲ್ಲ. ಒದ್ದೆ ಗೋಣಿಚೀಲ ಹಾಸಿ ಅದರ ಮೇಲೆಯೇ ನಡೆಯಿರಿ, ಎಣ್ಣೆಗಾಲಲ್ಲಿ ಜಗಲಿಯ ಮೆಟ್ಟಿಲಿಳಿಯಬೇಡಿ. ಅಂದು ಬಿಸಿಲಿಗೆ ಹೋಗಬೇಡಿ, ಮಧ್ಯಾಹ್ನ ಗಂಜಿ ಉಂಡು ಮಲಗಿ.

ಗಂಜಿಗೆ ಒಂದು ಲೋಟ ಕುಚ್ಚಲಕ್ಕಿಗೆ ಆರೇಳು ಲೋಟ ನೀರು, ಜೊತೆಗೆ ತಿಮರೆ (ಒಂದೆಲಗ) ಚಟ್ನಿ, ಉಪ್ಪಿನಕಾಯಿ. ಬೆವರುವ ಮೈಗೆ ಉಪ್ಪು ನೀರು ಎರಡೂ ಇದರಲ್ಲಿ ಸಿಗುತ್ತವೆ. ದಿನವಿಡೀ ಬೊಂಡ (ಎಳನೀರು), ಮಜ್ಜಿಗೆ, ಪುನರ್ಪುಳಿ (ಕೋಕಂ) ಶರಬತ್ತು ಇರಲಿ. ಬಿಯರು ಬಾಯಾರಿಕೆ ತಣಿಸುವುದಿಲ್ಲ, ಮೂತ್ರವಾಗಿ ನೀರು ಇನ್ನೂ ಹೋಗುತ್ತದೆ. ಮೀನು ಕಾಯಿಸುವುದು, ಒಗ್ಗರಣೆ ಹಾಕುವುದು ಬರಿಮೈಯಲ್ಲಿ ಖಂಡಿತ ಬೇಡ, ಎಣ್ಣೆ ಸಿಡಿಯುತ್ತದೆ. ಬಂಗುಡೆ ತವಾ ಫ್ರೈ ಮಾಡುವವರು ಅಂಗಿ ತೊಟ್ಟು ಮಾಡಿ.

ಕಡಲಿಗಿಳಿಯುವಾಗ

ಜೀವರಕ್ಷಕರಿರುವ ಮಲ್ಪೆ, ಪಣಂಬೂರು, ಅಥವಾ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಪಡುಬಿದ್ರಿಯ ತೀರ ಆರಿಸಿ. ಕೆಂಪು ಬಾವುಟ ಕಂಡರೆ ಇಳಿಯಬೇಡಿ. ಹೊಸಬರಿಗೆ ಎಲ್ಲಕ್ಕಿಂತ ಅಪಾಯದ ಜಾಗ ನದಿ ಕಡಲು ಸೇರುವ ಅಳಿವೆಬಾಗಿಲು. ಕೋಡಿ ಬೆಂಗ್ರೆಯಲ್ಲಾಗಲಿ ಸಸಿಹಿತ್ಲುವಿನಲ್ಲಾಗಲಿ ನೀರು ಶಾಂತವಾಗಿ ಕಾಣುತ್ತದೆ, ಇಳಿತದ ಹೊತ್ತಿಗೆ ಇಡೀ ನದಿ ಕಡಲತ್ತ ಎಳೆಯುತ್ತಿರುತ್ತದೆ. ಈಜು ಬಲ್ಲವರೂ ಅದರೆದುರು ನಿಲ್ಲಲಾರರು. ತೆರೆದ ತೀರದಲ್ಲಿ ಸೆಳೆತಕ್ಕೆ ಸಿಕ್ಕರೆ ದಡದತ್ತ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ, ಆಮೇಲೆ ದಡಕ್ಕೆ ತಿರುಗಿ. ಜೆಲ್ಲಿಫಿಶ್ ತಾಗಿದರೆ ಕಡಲನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆದು, ಸಹಿಸುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆ ಇಡಿ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆ.

ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆ ತೆಗೆದು ಸಿಹಿನೀರಿನಲ್ಲಿ ಮೀಯಿರಿ. ತೊಡೆಸಂದು, ಕಂಕುಳು, ಎದೆಯ ಕೆಳಗೆ ಉಪ್ಪೂ ಮರಳೂ ಉಳಿದರೆ ಮೊದಲು ತರಚುತ್ತದೆ, ಆಮೇಲೆ ಗಜಕರ್ಣ ಹಿಡಿಯಬಹುದು. ಅಲ್ಲೆಲ್ಲ ಒರೆಸಿ, ಫ್ಯಾನಿನಡಿ ಹತ್ತು ನಿಮಿಷ ಬರಿಮೈಯಲ್ಲಿ ನಿಂತು ಒಣಗಿಸಿ. ಬೆವರುಸಾಲೆಗೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಸ್ನೇಹಿತರ ಜೊತೆ ಬಂದಿದ್ದರೆ

ಬಟ್ಟೆ ತೊಟ್ಟಿರುವವರನ್ನು ಯಾರೂ ಒತ್ತಾಯಿಸಬಾರದು, ಕಾರಣ ಕೇಳಬಾರದು. ಒಬ್ಬರು ನಾಲ್ಕೂ ದಿನ ನೈಟಿಯಲ್ಲೇ ಇದ್ದರೂ ಅದು ಅವರ ರಜೆ. ಮೈಯ ಬಗ್ಗೆ ಹೊಗಳಿಕೆಯೂ ಬೇಡ, ತಮಾಷೆಯೂ ಬೇಡ. ಫೋನುಗಳೆಲ್ಲ ಅಂಗಳಕ್ಕೆ ಬರದೆ ಒಳಗಿನ ಒಂದು ಬುಟ್ಟಿಯಲ್ಲಿರಲಿ, ಕರೆ ಬಂದರೆ ಒಳಗೆ ಹೋಗಿ ಮಾತಾಡಿ. ಫೋಟೋ ಎಂಬುದು ಎಲ್ಲರೂ ಬಟ್ಟೆ ತೊಟ್ಟಾಗ ಮಾತ್ರ. ಈ ಮಾತುಗಳನ್ನು ಹೊರಡುವ ಮೊದಲೇ, ಮನೆಯಲ್ಲಿ ಕೂತು ಆಡಿಕೊಳ್ಳಿ. ಅಲ್ಲಿ ಹೋದ ಮೇಲೆ ಹೇಳಿದರೆ ಒಬ್ಬರನ್ನು ಗುರಿಮಾಡಿದಂತೆ ಕೇಳಿಸುತ್ತದೆ. ಒಪ್ಪದವರು ಬರುವುದು ಬೇಡ.

ಕತ್ತಲಾಗುವ ಹೊತ್ತಿಗೆ ಎಲ್ಲರೂ ಮೈ ಮುಚ್ಚಿಕೊಳ್ಳಿ. ಮಲೇರಿಯಾ ಸೊಳ್ಳೆ ಕಚ್ಚುವುದು ಕತ್ತಲಾದ ಮೇಲೆ, ಡೆಂಗಿಯದ್ದು ಹಗಲು, ಮುಖ್ಯವಾಗಿ ಬೆಳಿಗ್ಗೆ ಮತ್ತು ಇಳಿಹೊತ್ತು. ಈ ಎರಡೂ ಕರಾವಳಿಯಲ್ಲಿವೆ. ಅಂಗಳದ ಬಕೆಟ್, ಹೂಕುಂಡದ ತಟ್ಟೆ, ತೆಂಗಿನ ಚಿಪ್ಪಿನಲ್ಲಿ ನೀರು ನಿಂತಿದ್ದರೆ ಹೋದ ದಿನವೇ ಚೆಲ್ಲಿ. ಜಗಲಿಯಲ್ಲಿ ಟೇಬಲ್ ಫ್ಯಾನ್ ಜೋರಾಗಿಟ್ಟರೆ ಸೊಳ್ಳೆಗೆ ಹಾರಿ ಬರುವುದು ಕಷ್ಟ. ರಜೆ ಮುಗಿಸಿ ಬಂದು ಎರಡು ಮೂರು ವಾರದೊಳಗೆ ಜ್ವರ ಬಂದರೆ ಕರಾವಳಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಹೊರಡುವ ದಿನ ಬಚ್ಚಲಿನ ನೆಲಕ್ಕೆ ಸೋಪಿನಪುಡಿ, ಬಿಸಿನೀರು ಹಾಕಿ ಉಜ್ಜಿ. ಇಲ್ಲದಿದ್ದರೆ ಮರುದಿನ ಗುಡಿಸಲು ಬರುವವರು ಜಾರಿ ಬೀಳುತ್ತಾರೆ. ಎಣ್ಣೆ ಹತ್ತಿದ ಬೈರಾಸುಗಳನ್ನು ಬೇರೆ ಬಟ್ಟೆಯ ಜೊತೆ ಸೇರಿಸದೆ, ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ನೆನೆಸಿ ಒಗೆಯಿರಿ. ಎಣ್ಣೆ ಉಳಿದರೆ ಪೆಟ್ಟಿಗೆಯೊಳಗೆ ಕಮಟು ವಾಸನೆ ಹಿಡಿದು ಮತ್ತೆ ಹೋಗುವುದಿಲ್ಲ.